ದಪ್ಪ ಬೆಂಡಿನ ದರ್ಬಾರು



ಕಳೆದ ಭಾನುವಾರ ಬನಶಂಕರಿಯಲ್ಲಿ ದೇವಿಯ ದರ್ಶನ ಮುಗಿಸಿಕೊಂಡು ಚೊಳಚಗುಡ್ಡದ ಬಳಿ ಮಲಪ್ರಭೆಯ ದಂಡೆಗೆ ಹೋಗಿದ್ದೆ. ಅಲ್ಲಿ ನಾಲ್ವರು ತರುಣರು ಗಾಳ ಹಾಕಿ ಕುಳಿತಿದ್ದರು. ನಾಲ್ವರ ದಾರಕ್ಕೂ ನಿಂಬೆಹಣ್ಣಿನ ಗಾತ್ರದ ಕೆಂಪು-ಬಿಳಿ ಪ್ಲಾಸ್ಟಿಕ್ ಗುಂಡು ಬೆಂಡಾಗಿ ನೇತಾಡುತ್ತಿತ್ತು. ಎರಡು ತಾಸಾದರೂ ಒಂದು ಮೀನಿಲ್ಲ. ಗಾಳಕ್ಕೆ ಸಿಕ್ಕಿಸಿದ ಎರೆಹುಳು ಮಾತ್ರ ಮತ್ತೆ ಮತ್ತೆ ಮಾಯ. “ಹೊಳ್ಯಾಗ ಮೀನಾ ಉಳಿದಿಲ್ರೀ ಸರ್” ಎಂದನೊಬ್ಬ. “ಹಾಗಾದರೆ ಎರೆಹುಳು ತಿಂದವರಾರಪ್ಪಾ?” ಎಂದು ಕೇಳಿದೆ. ಉತ್ತರ ಬರಲಿಲ್ಲ.

ಉತ್ತರವನ್ನು ನಾನು ಇಲ್ಲಿ ಕೊಡುತ್ತೇನೆ. ಮೀನು ಇತ್ತು, ಬಂದಿತ್ತು, ತಿಂದಿತ್ತು. ಆ ಸಂಗತಿಯನ್ನು ದಂಡೆಯ ಮೇಲಿದ್ದವನಿಗೆ ತಿಳಿಸಬೇಕಾದ ಬೆಂಡು ಮಾತ್ರ ಬಾಯಿ ಬಿಡಲಿಲ್ಲ. ಅಂಗಡಿಯವರು “ದೊಡ್ಡದು ತೊಗೊಳ್ರಿ, ದೂರದಿಂದ ಕಾಣಸ್ತೈತಿ” ಎಂದು ಮಾರುವ ಈ ದಪ್ಪ ಬೆಂಡಿನ ವಿರುದ್ಧವೇ ಇಂದಿನ ನನ್ನ ತಕರಾರು. ಅದನ್ನು ನಂಬಿ ಕುಳಿತುಕೊಳ್ಳುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ವಿಜ್ಞಾನದ ಮೇಷ್ಟ್ರು ಲೆಕ್ಕವಿಲ್ಲದೆ ಮಾತನಾಡಬಾರದು. ನಾಲ್ಕು ಸೆಂಟಿಮೀಟರ್ ವ್ಯಾಸದ ಗುಂಡೊಂದು ಅರ್ಧ ಮುಳುಗಿ ತೇಲುತ್ತಿದೆಯೆನ್ನಿ. ನೀರಿನ ಮಟ್ಟದಲ್ಲಿ ಅದರ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 12.5 ಚದರ ಸೆಂ.ಮೀ. ಅದನ್ನು ಇನ್ನು ಕೇವಲ 1 ಮಿಲಿಮೀಟರ್ ಕೆಳಗೆಳೆಯಲು 1.25 ಗ್ರಾಂ ತೂಕದಷ್ಟು ಬಲ ಬೇಕು. ಐದು ಮಿಲಿಮೀಟರ್ ದಪ್ಪದ ಕಡ್ಡಿಯೊಂದನ್ನು ನೆಟ್ಟಗೆ ತೇಲಿಸಿ ನೋಡಿ. ಅದರ ಅಡ್ಡಕೊಯ್ತ 0.2 ಚದರ ಸೆಂ.ಮೀ.; 0.2 ಗ್ರಾಂ ಬಲಕ್ಕೇ ಅದು 10 ಮಿಲಿಮೀಟರ್ ಇಳಿಯುತ್ತದೆ. ಅಂದರೆ ಕಡ್ಡಿಯು ಗುಂಡಿಗಿಂತ ಅರವತ್ತು ಪಟ್ಟಿಗೂ ಹೆಚ್ಚು ಸೂಕ್ಷ್ಮ. ನೀವೆಲ್ಲ ಬಾಯಿಪಾಠ ಮಾಡಿ ಅಂಕ ಗಳಿಸಿದ ಆರ್ಕಿಮಿಡೀಸನ ತತ್ವವೇ ಇದು, ಬೇರೆಯೇನಲ್ಲ.

ನಮ್ಮ ಹೊಳೆ-ಕೆರೆಗಳ ದಂಡೆಯಲ್ಲಿ ಇಂದು ಹೆಚ್ಚಾಗಿ ಸಿಗುವುದು ಜಿಲೇಬಿ ಮೀನು, ಅಂದರೆ ತಿಲಾಪಿಯಾ. ಆಫ್ರಿಕಾ ಮೂಲದ ಈ ಮೀನನ್ನು ಭಾರತಕ್ಕೆ ತಂದದ್ದು 1952ರಲ್ಲಿ. ಅದರ ಬಾಯಿ ಚಿಕ್ಕದು, ಸ್ವಭಾವ ಅನುಮಾನದ್ದು. ಎರೆಯನ್ನು ತುಟಿಯಿಂದ ಮುಟ್ಟುತ್ತದೆ, ಎಳೆದು ನೋಡುತ್ತದೆ, ಭಾರವೆನಿಸಿದರೆ ಉಗುಳುತ್ತದೆ. ಅಮೆರಿಕದಲ್ಲಿರುವ ಶಿಷ್ಯನೊಬ್ಬನು ಅಲ್ಲಿಯ ಕ್ರಾಪಿ ಎಂಬ ಮೀನಿನ ವಿಷಯದಲ್ಲೂ ಇದೇ ಮಾತನ್ನು ಬರೆದಿದ್ದಾನೆ. ಅದು ಕೆಳಗಿನಿಂದ ಮೇಲೆ ಬಂದು ಎರೆಯನ್ನು ಹಿಡಿಯುತ್ತದೆಯಾದ್ದರಿಂದ ಬೆಂಡು ಮುಳುಗುವ ಬದಲು ಮೇಲೆದ್ದು ಅಡ್ಡ ಮಲಗುವುದುಂಟಂತೆ. ತೆಳು ಬೆಂಡು ಇದನ್ನೂ ತೋರಿಸುತ್ತದೆ. ಗುಂಡು ಮಲಗಿದರೂ ಗುಂಡೇ, ಎದ್ದರೂ ಗುಂಡೇ!

ಎದುರುವಾದವನ್ನೂ ಕೇಳೋಣ. ದಪ್ಪ ಬೆಂಡು ದೂರಕ್ಕೆ ಬೀಳುತ್ತದೆ ಎನ್ನುತ್ತಾರೆ. ನಿಜ. ಆದರೆ ಬೆಳಗು-ಬೈಗಿನಲ್ಲಿ ಜಿಲೇಬಿ ಮೀನು ದಂಡೆಯಂಚಿನ ಮೂರು ನಾಲ್ಕು ಅಡಿ ನೀರಿಗೇ ಬರುವಾಗ ನಡುಹೊಳೆಗೆ ಎಸೆಯುವುದೇತಕ್ಕೆ? ಕಣ್ಣಿಗೆ ಕಾಣಿಸಬೇಕು ಎನ್ನುತ್ತಾರೆ. ಅದಕ್ಕೆ ಬೇಕಾದದ್ದು ಬಣ್ಣವೇ ಹೊರತು ಬೊಜ್ಜಲ್ಲ. ಕಡ್ಡಿಯ ತುದಿಗೆ ಒಂದು ಅಂಗುಲ ಕೆಂಪು ಬಣ್ಣ ಸಾಕು. ಆಲಮಟ್ಟಿ ಹಿನ್ನೀರಿನ ಗಾಳಿ-ಅಲೆಗಳಲ್ಲಿ, ಅಥವಾ ಜೀವಂತ ಎರೆಯಿಟ್ಟು ಕೊರವ ಮೀನಿಗಾಗಿ ಕಾಯುವಾಗ ದೊಡ್ಡ ಬೆಂಡು ಬೇಕೆಂಬುದನ್ನು ಒಪ್ಪುತ್ತೇನೆ. ಆದರೆ ಅಪವಾದವನ್ನೇ ನಿಯಮವೆಂದು ಮಾರುವುದು ವ್ಯಾಪಾರ, ವಿದ್ಯೆಯಲ್ಲ.

ಹಾಗಾದರೆ ಏನು ಮಾಡಬೇಕು? ದುಡ್ಡು ಖರ್ಚು ಮಾಡಬೇಡಿ. ಹಿಂಗಾರಿ ಜೋಳದ ಒಣದಂಟಿನ ಸಿಪ್ಪೆ ಸುಲಿದರೆ ಒಳಗೆ ಹಗುರಾದ ಬೆಂಡು ಸಿಗುತ್ತದೆ. ಬಾಲ್ಯದಲ್ಲಿ ಅದರಿಂದ ಬಂಡಿ ಮಾಡಿ ಆಡದವರು ನಮ್ಮ ಸೀಮೆಯಲ್ಲಿ ಯಾರಿದ್ದಾರೆ? ಗೇಣುದ್ದ ಕತ್ತರಿಸಿ, ತೆಳ್ಳಗೆ ಕೆತ್ತಿ, ನೀರು ಹೀರದಂತೆ ಕರಗಿಸಿದ ಮೇಣದಲ್ಲಿ ಅದ್ದಿ. ಸೈಕಲ್ ವಾಲ್ವ್ ಟ್ಯೂಬಿನ ಎರಡು ತುಂಡುಗಳಿಂದ ದಾರಕ್ಕೆ ಸಿಕ್ಕಿಸಿದರೆ ಬೇಕಾದ ಆಳಕ್ಕೆ ಮೇಲೆ ಕೆಳಗೆ ಸರಿಸಬಹುದು. ಇನ್ನು ಭಾರ. ಬೆಂಡಿನ ತುದಿ ಮಾತ್ರ ನೀರಿನ ಮೇಲೆ ಕಾಣುವವರೆಗೆ ಭಾರ ಕಟ್ಟಬೇಕು. ಇದೇ ಇಡೀ ವಿದ್ಯೆಯ ತಿರುಳು. ನೀರಿನ ಆಳ ಕೋಲಿನ ಉದ್ದಕ್ಕಿಂತ ಹೆಚ್ಚಿದ್ದರೆ ಬೆಂಡನ್ನು ದಾರದ ಮೇಲೆ ಜಾರುವಂತೆ ಬಿಟ್ಟು, ಬೇಕಾದ ಆಳಕ್ಕೆ ತಡೆಗಂಟು ಹಾಕಿ. ಭಾರಕ್ಕೆ ಸೀಸ ಬೇಡ, ಸಣ್ಣ ಕಬ್ಬಿಣದ ನಟ್ಟು ಸಾಕು. ಸೀಸ ನುಂಗಿ ಹಂಸಗಳು ಸಾಯುತ್ತಿದ್ದುದರಿಂದ ಬ್ರಿಟನ್ನಿನಲ್ಲಿ ಗಾಳದ ಸಣ್ಣ ಸೀಸದ ಗುಂಡುಗಳ ಮಾರಾಟವನ್ನು 1987ರಲ್ಲಿಯೇ ನಿಷೇಧಿಸಿದರು. ತುಂಡಾದ ನೈಲಾನ್ ದಾರವನ್ನು ದಂಡೆಯಲ್ಲಿ ಬಿಟ್ಟು ಬರಬೇಡಿ. ಅದು ಕೊಕ್ಕರೆಯ ಕಾಲಿಗೆ ಉರುಳಾಗುತ್ತದೆ. ಬನಶಂಕರಿಯ ಹರಿದ್ರಾತೀರ್ಥವಾಗಲಿ ಬಾದಾಮಿಯ ಅಗಸ್ತ್ಯತೀರ್ಥವಾಗಲಿ ಗಾಳ ಹಾಕುವ ಸ್ಥಳವಲ್ಲವೆಂದು ಬೇರೆ ಹೇಳಬೇಕಿಲ್ಲ.

“ನಿವೃತ್ತ ಮೇಷ್ಟ್ರಿಗೆ ಮೀನಿನ ಉಸಾಬರಿ ಯಾಕೆ?” ಎಂದು ನಮ್ಮ ಬಂಧುಗಳಲ್ಲಿ ಕೆಲವರು ಮೂಗು ಮುರಿಯುವುದು ನನಗೆ ಗೊತ್ತು. ಅವರಿಗೊಂದು ಮಾತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದೆ. ಮೀನಿನ ಜಾತಿಗಳೇನು, ಅವಕ್ಕೆ ತಕ್ಕ ಆಹಾರವೇನು, ಗಾಳ ಹಾಕುವ ಕ್ರಮವೇನು ಎಂಬುದನ್ನು ಚಕ್ರವರ್ತಿಯೇ ಬರೆಯಿಸಿದ್ದಾನೆ. ಅರಸನಿಗೆ ಅವಮಾನವೆನಿಸದ ವಿಷಯ ಮೇಷ್ಟ್ರಿಗೆ ಹೇಗೆ ಅವಮಾನವಾದೀತು?

ಹೀಗೆ ಪರರನ್ನು ಟೀಕಿಸಿದ ಮೇಲೆ ನನ್ನ ತಪ್ಪನ್ನು ಮುಚ್ಚಿಡುವುದು ನ್ಯಾಯವಲ್ಲ. 1990ರ ದಶಕದ ಮಾತು. ಒಂಬತ್ತನೆಯ ತರಗತಿಯಲ್ಲಿ ತೇಲುವಿಕೆಯ ಪಾಠ ಮಾಡುತ್ತ, ಹಲಗೆಯ ಮೇಲೆ ನೀರಿನಲ್ಲಿ ತೇಲುವ ಮರದ ತುಂಡಿನ ಚಿತ್ರ ಬರೆಯುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಅಂಬಿಗರ ಮನೆಯ ಹುಡುಗನೊಬ್ಬ ಕೈಯಲ್ಲಿ ಏನನ್ನೋ ತಿರುಗಿಸುತ್ತಿದ್ದ. ನೋಡಿದರೆ ಜೋಳದ ದಂಟಿನ ಮೂರು ಬೆಂಡುಗಳು, ಒಂದಕ್ಕಿಂತ ಒಂದು ತೆಳ್ಳಗೆ, ನಯವಾಗಿ ಕೆತ್ತಿದವು. ನಿಂತ ನೀರಿಗೆ ಯಾವುದು, ಹರಿಯುವ ನೀರಿಗೆ ಯಾವುದು ಎಂದು ಹೇಳಲು ಅವನು ಬಾಯಿ ತೆರೆದ. ನಾನು ಮೂರನ್ನೂ ಮುರಿದು ಕಿಟಕಿಯಿಂದಾಚೆ ಎಸೆದು, “ಹೊಳಿಗೆ ಹೋಗು, ಸಾಲಿಗ್ಯಾಕ ಬಂದಿ?” ಎಂದೆ. ತರಗತಿ ನಕ್ಕಿತು. ಆ ವರ್ಷವೇ ಅವನು ಶಾಲೆ ಬಿಟ್ಟ. ನನ್ನ ಮಾತೇ ಅದಕ್ಕೆ ಕಾರಣವೆಂದು ಹೇಳಲಾರೆ. ಅಲ್ಲವೆಂದು ಹೇಳುವ ಧೈರ್ಯವೂ ಇಲ್ಲ.

ಹಲಗೆಯ ಮೇಲಿನ ಚಿತ್ರವನ್ನೇ ವಿದ್ಯೆಯೆಂದೂ ಕೈಯೊಳಗಿನ ಬೆಂಡನ್ನು ಅವಿದ್ಯೆಯೆಂದೂ ತಿಳಿದೆನಲ್ಲ, ಅದು ದಪ್ಪ ಬೆಂಡಿನದೇ ಬುದ್ಧಿ. ಕೆಳಗಿನಿಂದ ಯಾರೋ ಮೆಲ್ಲಗೆ ಎಳೆಯುತ್ತಿದ್ದರೂ ಅದಕ್ಕೆ ತಿಳಿಯುವುದಿಲ್ಲ. ಇಂದು ಪಾಠ ಮಾಡುತ್ತಿರುವ ನನ್ನ ಶಿಷ್ಯ-ಶಿಕ್ಷಕರಿಗೆ ಹೇಳುವುದಿಷ್ಟೇ: ಹಿಂದಿನ ಬೆಂಚಿನ ಹುಡುಗನ ಕೈ ಬಿಚ್ಚಿಸಿ ನೋಡಿ, ಆದರೆ ಮುರಿಯಬೇಡಿ. ಮೊದಲು ಕೇಳಿ.

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಕ್ಕವರಲ್ಲಿ ಕೆಲವರು ಇದನ್ನು ಓದುತ್ತಿದ್ದೀರಿ, ನಿಮಗೆ ಗೊತ್ತು. ಎಲ್ಲಿಯಾದರೂ ಭೇಟಿಯಾದರೆ, ಮೇಷ್ಟ್ರು ಈಗ ಬೆಂಡು ಕೆತ್ತುವುದನ್ನು ಕಲಿಯುತ್ತಿದ್ದಾರೆ, ಹರಿಯುವ ನೀರಿನದು ಇನ್ನೂ ಸರಿಯಾಗಿ ಬಂದಿಲ್ಲ, ಒಮ್ಮೆ ಬಂದು ತೋರಿಸಬೇಕಂತೆ ಎಂದು ತಿಳಿಸಿರಿ.