ಪಟ್ಟ ಗೆಲ್ಲುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟ!



ಇಂದಿನ ಆರೋಗ್ಯದ ಮಾತು ಒಬ್ಬ ಬಾಕ್ಸರ್‌ನ ಕಥೆಯಿಂದ ಶುರು. ಬಾಕ್ಸಿಂಗ್ ಗೊತ್ತಿಲ್ಲದವರೂ ಓದಿ, ಇದು ನಮ್ಮ ನಿಮ್ಮ ಮನೆಯ ವಿಷಯವೇ.

1990ರ ಫೆಬ್ರವರಿ 11, ಜಪಾನಿನ ಟೋಕಿಯೋ. ಹೆವಿವೇಟ್ ವಿಶ್ವ ಚಾಂಪಿಯನ್ ಮೈಕ್ ಟೈಸನ್ ಅಲ್ಲಿಯವರೆಗೆ 37 ಪಂದ್ಯ ಆಡಿ ಒಂದನ್ನೂ ಸೋತಿರಲಿಲ್ಲ. ಎದುರಿಗೆ ಅಮೆರಿಕದವನೇ ಆದ ಬಸ್ಟರ್ ಡಗ್ಲಾಸ್. ಅವನ ಗೆಲುವಿನ ಮೇಲೆ ಬಾಜಿಯ ದರ 42ಕ್ಕೆ 1. ಪಂದ್ಯಕ್ಕೆ ಮೂರು ವಾರ ಇರುವಾಗ ಅವನ ತಾಯಿ ತೀರಿಕೊಂಡಿದ್ದರು. ಆದರೂ ಮೈ ಹುರಿಗೊಳಿಸಿಕೊಂಡು ಬಂದಿದ್ದ. ಎಂಟನೇ ಸುತ್ತಿನಲ್ಲಿ ಬಿದ್ದು ಎದ್ದ. ಹತ್ತನೇ ಸುತ್ತಿನಲ್ಲಿ ಟೈಸನ್‌ನನ್ನೇ ಕೆಡವಿ ಪಟ್ಟ ಗೆದ್ದ. ಜಗತ್ತೇ ಬೆರಗಾಯಿತು.

ಮುಂದೇನಾಯಿತು? ಅದೇ ವರ್ಷ ಅಕ್ಟೋಬರ್ 25ರಂದು ಲಾಸ್ ವೇಗಸ್‌ನಲ್ಲಿ ಇವಾಂಡರ್ ಹೋಲಿಫೀಲ್ಡ್ ಜೊತೆ ಪಂದ್ಯ. ಟೋಕಿಯೋದಲ್ಲಿ ಸುಮಾರು 105 ಕಿಲೋ ಇದ್ದ ಡಗ್ಲಾಸ್ ಈಗ 111 ಕಿಲೋ ದಾಟಿದ್ದ. ಕಾಲು ಓಡಲಿಲ್ಲ, ಕೈ ಏಳಲಿಲ್ಲ. ಮೂರನೇ ಸುತ್ತಿನಲ್ಲಿ ಒಂದೇ ಏಟಿಗೆ ನೆಲ ಕಂಡ. ಪಟ್ಟ ಹೋಯಿತು.

"ದುಡ್ಡು ಬಂತು, ಸೋಮಾರಿಯಾದ" ಎಂದು ಬಹಳ ಜನ ಹೇಳಿದರು. ನನಗೆ ಹಾಗನ್ನಿಸುವುದಿಲ್ಲ. ತಾಯಿಯ ದುಃಖ ಇನ್ನೂ ಹಸಿಯಾಗಿತ್ತು. ಗೆದ್ದ ಮೇಲೆ ಕೋರ್ಟು ಕಚೇರಿಯ ಜಗಳವೂ ಸುತ್ತಿಕೊಂಡಿತ್ತು. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಟೈಸನ್ ಎದುರು ನಿಲ್ಲುವಾಗ ಭಯವಿತ್ತು, ಗುರಿಯಿತ್ತು. ಗೆದ್ದ ಮರುದಿನ ಎರಡೂ ಇರಲಿಲ್ಲ.

*ಈಗ ನಮ್ಮ ಮನೆಗೆ ಬನ್ನಿ.* ಶುಗರ್ ಬಂತೆಂದು ಗೊತ್ತಾದ ದಿನ ಮನೆಯವರೆಲ್ಲ ಹೆದರುತ್ತೇವೆ. ಬೆಳಿಗ್ಗೆ ವಾಕಿಂಗ್, ಸಕ್ಕರೆ ಬಂದ್, ಅನ್ನ ಅರ್ಧ. ಮೂರು ತಿಂಗಳ ಮೇಲೆ ರಿಪೋರ್ಟ್ ನಾರ್ಮಲ್! ಅಷ್ಟೇ, ಅಂದಿನಿಂದಲೇ ಪಟ್ಟ ಜಾರಲು ಶುರು. ಊರಿಂದ ಬಂದ ಧಾರವಾಡ ಪೇಢೆಯ ಡಬ್ಬಿ ತೆರೆಯುತ್ತದೆ. ಮುಂಬೈ ಲೋಕಲ್ ಹಿಡಿಯುವ ಗಡಿಬಿಡಿಯಲ್ಲಿ ವಾಕಿಂಗ್ ತಪ್ಪುತ್ತದೆ. ಹಬ್ಬಕ್ಕೆ ಊರಿಗೆ ಹೋದರೆ ಗುಳಿಗೆ ಬ್ಯಾಗಿನಲ್ಲೇ ಉಳಿಯುತ್ತದೆ. "ಈಗೆಲ್ಲ ಸರಿಹೋಗಿದೆಯಲ್ಲ" ಎನ್ನುತ್ತೇವೆ.

ಸರಿಹೋಗಿರುವುದು ಆ ಗುಳಿಗೆಯಿಂದ, ಆ ನಡಿಗೆಯಿಂದ! ಬಿಪಿಯೂ ಅಷ್ಟೇ. ನಾರ್ಮಲ್ ರಿಪೋರ್ಟ್ ಎಂದರೆ ಕಾಯಿಲೆ ಊರು ಬಿಟ್ಟಿತೆಂದಲ್ಲ, ಹದ್ದುಬಸ್ತಿನಲ್ಲಿದೆ ಎಂದು. ಬಿಪಿ, ಶುಗರ್ ಏರಿದ್ದು ಎಷ್ಟೋ ಸಲ ನಮಗೆ ತಿಳಿಯುವುದೇ ಇಲ್ಲ. ಆದರೆ ಕಣ್ಣು, ಮೂತ್ರಪಿಂಡ, ಹೃದಯ ಅದರ ಏಟು ತಿನ್ನುತ್ತಲೇ ಇರುತ್ತವೆ.

ಡಗ್ಲಾಸ್‌ನ ಕಥೆಯೂ ಆ ಸೋಲಿಗೆ ಮುಗಿಯಲಿಲ್ಲ. ಬಾಕ್ಸಿಂಗ್ ಬಿಟ್ಟ ಮೇಲೆ ತೂಕ 180 ಕಿಲೋ ಹತ್ತಿರ ಹೋಯಿತು. 1994ರಲ್ಲಿ ಮಧುಮೇಹದಿಂದ ಪ್ರಜ್ಞೆ ತಪ್ಪಿ ಕೋಮಾಕ್ಕೆ ಜಾರಿದ, ಸಾವಿನ ಬಾಗಿಲಿಗೆ ಹೋಗಿ ಬಂದ. ಅಲ್ಲಿಂದ ಎದ್ದು, ತೂಕ ಇಳಿಸಿ, 1996ರಲ್ಲಿ ಮತ್ತೆ ರಿಂಗಿಗೆ ಇಳಿದು ಗೆದ್ದ. ನನ್ನ ಲೆಕ್ಕದಲ್ಲಿ ಟೋಕಿಯೋಗಿಂತ ಇದೇ ದೊಡ್ಡ ಗೆಲುವು.

*ನೆನಪಿಡಬೇಕಾದ್ದು ಇಷ್ಟೇ:*

✅ ರಿಪೋರ್ಟ್ ಚೆನ್ನಾಗಿದೆ ಎಂದು ಗುಳಿಗೆ ನೀವೇ ನಿಲ್ಲಿಸಬೇಡಿ. ಕಡಿಮೆ ಮಾಡುವುದಿದ್ದರೆ ಡಾಕ್ಟರೇ ಹೇಳಲಿ.

✅ ಎಚ್‌ಬಿಎ1ಸಿ ಪರೀಕ್ಷೆ ಸುಮಾರು ಮೂರು ತಿಂಗಳ ಸರಾಸರಿ ಹೇಳುತ್ತದೆ. ಡಾಕ್ಟರು ಹೇಳಿದ ಹೊತ್ತಿಗೆ ತಪ್ಪದೆ ಮಾಡಿಸಿ. ಹಿಂದಿನ ದಿನ ಉಪವಾಸವಿದ್ದು ಇದಕ್ಕೆ ಮೋಸ ಮಾಡಲಾಗದು!

✅ ವಾರಕ್ಕೊಮ್ಮೆ ತೂಕ ನೋಡಿ. ಎರಡು ಕಿಲೋ ಏರಿದಾಗಲೇ ಎಚ್ಚೆತ್ತರೆ ಸುಲಭ, ಹತ್ತು ಏರಿದ ಮೇಲೆ ಕಷ್ಟ.

✅ ಶುಗರ್ ಇರುವವರಿಗೆ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ವಾಂತಿ, ಮಂಪರು, ತೊದಲು ಮಾತು ಕಂಡರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಕೊನೆಗೊಂದು ಮಾತು ಮನೆಯವರಿಗೆ. ಕಾಯಿಲೆ ಬಂದಾಗ ದಿನಕ್ಕೆರಡು ಸಲ ಫೋನ್ ಮಾಡಿ ವಿಚಾರಿಸುತ್ತೇವೆ, ವಾಸಿಯಾದ ಮೇಲೆ ಮರೆಯುತ್ತೇವೆ. ಊರಲ್ಲಿರುವ ಅಪ್ಪ ಅಮ್ಮನಿಗೆ ಇವತ್ತೇ ಫೋನ್ ಮಾಡಿ. "ಹೇಗಿದ್ದೀರಿ" ಎಂದರೆ "ಚೆನ್ನಾಗಿದ್ದೀವಿ" ಎಂದೇ ಬರುತ್ತದೆ. ಅದರ ಬದಲು "ಗುಳಿಗೆ ಎಷ್ಟು ಉಳಿದಿವೆ, ಎಣಿಸಿ ಹೇಳಿ" ಎಂದು ಕೇಳಿ. ನಿಜ ತಿಳಿಯುತ್ತದೆ.

ಎಲ್ಲರೂ ಆರೋಗ್ಯವಾಗಿರಿ. ನಿಮ್ಮ ಬಂಧು ಬಳಗಕ್ಕೂ ಕಳುಹಿಸಿ 🙏