ಮಂಚವನ್ನು ಬೋರಲು ಹಾಕಿ

ಹಳೆಯ ಮಂಚ ಮಾರುವವರ ಬಾಯಲ್ಲಿ ಎರಡೇ ಅಂಕಿ: ನೂರೈವತ್ತು ವರ್ಷ, ಇಲ್ಲವೇ ಇನ್ನೂರು. ಎಂಬತ್ತು ವರ್ಷದ ಮಂಚ ಯಾರ ಬಳಿಯೂ ಇಲ್ಲ. ಜೊತೆಗೆ ಅರಮನೆಯದು, ದಿವಾನರ ಮನೆಯದು ಎಂಬ ಕತೆ ಪುಕ್ಕಟೆ. ಹೆಬ್ಬಾಳ, ಯಲಹಂಕದ ಅಪಾರ್ಟ್‌ಮೆಂಟುಗಳಿಗೆ ಈ ಕತೆಯೊಂದಿಗೆ ಏರಿರುವ ಮಂಚಗಳನ್ನು ನಂಬಿದರೆ, ಹಳೆಯ ಮೈಸೂರು ಸಂಸ್ಥಾನದಲ್ಲಿ ಚಾಪೆಯ ಮೇಲೆ ಮಲಗಿದವರೇ ಇರಲಿಲ್ಲ ಅನ್ನಬೇಕಾಗುತ್ತದೆ.

ಓದುವವರೂ ಬರೆಯುವವರೂ ಈ ಕತೆಗೆ ಬೇಗ ಬೀಳುತ್ತೇವೆ. ಮಂಚದ ವಯಸ್ಸು ಕತೆಯಲ್ಲಿಲ್ಲ, ಅದರ ಅಡಿಯಲ್ಲಿದೆ. ಬೋರಲು ಹಾಕಿ, ಟಾರ್ಚ್ ಬಿಟ್ಟು ನೋಡಿ. ಕೈಗರಗಸದ ಗೀರು ನೇರವಾಗಿ, ಅಂತರ ಹೆಚ್ಚುಕಡಿಮೆಯಾಗಿ ಇರುತ್ತದೆ. ಮಿಲ್ಲಿನ ದುಂಡು ಗರಗಸ ಕಮಾನಿನಂತೆ ಗೀರುತ್ತದೆ. ಚೂಪು ತುದಿಯ ಯಂತ್ರದ ಸ್ಕ್ರೂ ಬಳಕೆಗೆ ಬಂದದ್ದು 19ನೇ ಶತಮಾನದ ನಡುವಿನಲ್ಲಿ, ಸ್ಟಾರ್ ಸ್ಕ್ರೂ 1930ರ ದಶಕದಲ್ಲಿ. ಮರವಜ್ರದ ಜಾಗದಲ್ಲಿ ಫೆವಿಕಾಲ್ ಕಂಡರೆ ಆ ಕೆಲಸ 1959ರ ನಂತರದ್ದು. ಹಾಗಂತ ಒಂದು ಹೊಸ ಸ್ಕ್ರೂ ಸಿಕ್ಕಿತೆಂದು ಇಡೀ ಮಂಚವನ್ನು ತಳ್ಳಿಹಾಕಬೇಡಿ, ಅದು ರಿಪೇರಿಯೂ ಆಗಿರಬಹುದು. ಪಕ್ಕದಲ್ಲಿ ಹಳೆಯ ತೂತು ಇದೆಯೇ ನೋಡಿ.

ನನಗೆ ಎಲ್ಲಕ್ಕಿಂತ ಇಷ್ಟದ ಸಾಕ್ಷಿ ಕಾಲಿನದು. ಮರ ಒಣಗುತ್ತಾ ಎಲ್ಲ ದಿಕ್ಕಿಗೂ ಸಮವಾಗಿ ಕುಗ್ಗುವುದಿಲ್ಲ. ಕಡೆದಾಗ ದುಂಡಗಿದ್ದ ಕಾಲು ದಶಕಗಳ ನಂತರ ಕೂದಲೆಳೆಯಷ್ಟು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಕ್ಯಾಲಿಪರ್ ಹಿಡಿದರೆ ಗೊತ್ತಾಗುತ್ತದೆ, ಕತೆ ಕಟ್ಟಲಾಗದು.

ಇನ್ನು ‘ಲ್ಯಾಬ್ ಸರ್ಟಿಫಿಕೇಟ್’. ಯಶವಂತಪುರದ ಪಕ್ಕದಲ್ಲೇ, ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಮರ ತೇಗವೋ ಬೀಟೆಯೋ ಎಂಬುದನ್ನು ಅಂಥ ಕಡೆ ತಿಳಿಯಬಹುದು. ಮಂಚದ ವಯಸ್ಸು ಬೇರೆ ಪ್ರಶ್ನೆ. ಸುಮಾರು 1650ರಿಂದ 1950ರವರೆಗಿನ ಮರದಲ್ಲಿ ಕಾರ್ಬನ್ ಪರೀಕ್ಷೆ ತೀರಾ ಮಸುಕಾದ ಉತ್ತರ ಕೊಡುತ್ತದೆ. ಕೊಟ್ಟರೂ ಅದು ಮರ ಬೆಳೆದ ಕಾಲ, ಮಂಚ ಕೂಡಿಸಿದ ಕಾಲವಲ್ಲ. ಕೆಡವಿದ ಮನೆಯ ತೊಲೆಯಿಂದ ಕಳೆದ ವರ್ಷ ಮಾಡಿದ ಮಂಚವೂ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ! ಅದನ್ನು ಹಿಡಿದುಕೊಡುವುದು ಕೆಲಸವಿಲ್ಲದ ಕಡೆ ಉಳಿದಿರುವ ಮೊಳೆ ತೂತುಗಳು.

ಸುಳ್ಳು ಹೇಳಿ ಮಾರುವುದನ್ನಾದರೂ ಸಹಿಸಬಹುದು, ‘ರಿಸ್ಟೋರೇಶನ್’ ಹೆಸರಿನ ಅನಾಹುತವನ್ನಲ್ಲ. ಹಾಸಿಗೆ ಹಿಡಿಸಲೆಂದು ಅಡ್ಡಪಟ್ಟಿ ಕೊಯ್ದು ಆರಡಿಗೆ ಹಿಗ್ಗಿಸುತ್ತಾರೆ. ಫ್ಯಾನಿಗೆ ತಾಗುತ್ತದೆಂದು ಸೊಳ್ಳೆಪರದೆಯ ಕಂಬ ಕತ್ತರಿಸುತ್ತಾರೆ. ನವಾರು ಬಿಗಿಯುತ್ತಿದ್ದ ತೂತುಗಳಿಗೆ ಪುಟ್ಟಿ ಮೆತ್ತಿ, ಮೇಲೆ ಪ್ಲೈವುಡ್ ಹೊಡೆಯುತ್ತಾರೆ. ಆಮೇಲೆ ಸ್ಯಾಂಡಿಂಗ್ ಮೆಷಿನ್. ಯಾವ ಪಟ್ಟಿ ಯಾವ ಕಾಲಿಗೆ ಎಂದು ನೆನಪಿಡಲು ಬಡಗಿ ಕೂಡುಗಳ ಪಕ್ಕ ಉಳಿಯಲ್ಲಿ ಒಂದು ಕಚ್ಚು, ಎರಡು ಕಚ್ಚು ಎಂದು ಹಾಕಿರುತ್ತಾನೆ. ಹೆಸರಿಲ್ಲದ ಆ ಮನುಷ್ಯನ ಕೈಬರಹವೆಂದರೆ ಅಷ್ಟೇ. ಅದನ್ನು ಉಜ್ಜಿ ಹಾಕಿದವರೇ ಮರುದಿನ ಅದೇ ಮಂಚಕ್ಕೆ ಇನ್ನೂರು ವರ್ಷದ ಚೀಟಿ ಅಂಟಿಸುತ್ತಾರೆ.

ಕೊಳ್ಳುವವರೂ ಕಡಿಮೆಯಿಲ್ಲ. ‘ಯಾವ ರಾಜನದು?’ ಎಂದು ಎಲ್ಲರೂ ಕೇಳುತ್ತಾರೆ. ಯಾವ ಊರಿನ ಆಚಾರಿಯ ಕೆಲಸ, ಯಾವ ಮನೆ ಕೆಡವಿದಾಗ ಹೊರಬಂತು ಎಂದು ಕೇಳುವವರಿಲ್ಲ. ಹಾಗಾಗಿ ಗುಜರಿಯವನು ಮಂಚ ಲಾರಿಗೆ ಏರಿಸುವಾಗ ಊರಿನ ಹೆಸರನ್ನು ಒಂದು ಕಾಗದದ ಮೇಲೂ ಬರೆದುಕೊಳ್ಳುವುದಿಲ್ಲ.