ವ್ಯಾಯಾಮ ಶಿಕ್ಷಕರ ತರಬೇತಿಗೆ ಒರೆಗಲ್ಲು

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂಬ ಗಾದೆಯನ್ನು ನಮ್ಮ ಜನರು ನಡತೆಯ ವಿಷಯದಲ್ಲಿ ಆಡುವುದುಂಟು. ದೇಹದ ವಿಷಯದಲ್ಲಿಯೂ ಅದು ಅಷ್ಟೇ ನಿಜ. ಮೈ ಬಗ್ಗುವ ವಯಸ್ಸೆಂದರೆ ಪ್ರಾಥಮಿಕ ಶಾಲೆಯ ವಯಸ್ಸು. ಆ ಮಕ್ಕಳಿಗೆ ವ್ಯಾಯಾಮ ಕಲಿಸುವ ಶಿಕ್ಷಕರು ಎಂತಹ ತರಬೇತಿ ಪಡೆದು ಬರುತ್ತಾರೆಂದು ವಿಚಾರಿಸುವುದು ನಾಡಿನ ಹಿತಚಿಂತಕರೆಲ್ಲರ ಕರ್ತವ್ಯವಾಗಿದೆ.

ಈ ಚಿಂತೆ ನಮಗೆ ಹೊಸದಲ್ಲ. ಮುಂದೆ ಹಿಂದುಸ್ತಾನಿ ಸೇವಾದಳವೆಂದು ಹೆಸರಾದ ಸಂಸ್ಥೆಯನ್ನು 1923ರಲ್ಲಿ ಕಟ್ಟಿದ ಡಾಕ್ಟರ ನಾ. ಸು. ಹರ್ಡೀಕರರು ಸ್ವರಾಜ್ಯಕ್ಕೆ ಶಿಸ್ತುಳ್ಳ ದೇಹವೂ ಬೇಕೆಂದು ಬಗೆದವರು. ಆ ಕಾಲದಲ್ಲಿ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿತ್ತು. ವ್ಯಾಯಾಮ ಶಿಕ್ಷಕರ ತರಬೇತಿಗೆ ಮದ್ರಾಸಿನಲ್ಲಿ 1920ರಲ್ಲಿ ವೈ.ಎಂ.ಸಿ.ಎ. ಕಾಲೇಜು ಹುಟ್ಟಿತು, ಮುಂಬಯಿ ಪ್ರಾಂತದಲ್ಲಿ 1938ರಲ್ಲಿ ಕಾಂದಿವಲಿಯ ಸಂಸ್ಥೆ ಹುಟ್ಟಿತು. ಅವುಗಳ ಸೇವೆ ದೊಡ್ಡದು. ಆದರೆ ಅವು ಕನ್ನಡದ ನೆಲದಲ್ಲಿ ಬೇರೂರಿದವುಗಳಲ್ಲ. 1956ರ ನವೆಂಬರ 1ರಂದು ನಾಡು ಒಂದಾಯಿತು. ಅಂದಿಗೇ ಪರಪ್ರಾಂತದ ನೆವವೂ ತೀರಿತು.

ಈಗ ನಿಯಮಗಳಿಗೆ ಕೊರತೆಯಿಲ್ಲ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳು ಒಂದರಿಂದ ಎಂಟನೆಯ ತರಗತಿಯವರೆಗಿನ ವ್ಯಾಯಾಮ ಶಿಕ್ಷಕರಿಗೆಂದು ಎರಡು ವರ್ಷಗಳ ಡಿಪ್ಲೊಮಾವನ್ನು ಗೊತ್ತುಪಡಿಸಿದವು. ಆದರೆ 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಅನುಸೂಚಿಯನ್ನು ತೆರೆದು ನೋಡಿರಿ. ಆರರಿಂದ ಎಂಟನೆಯ ತರಗತಿಗಳಲ್ಲಿ ಮಕ್ಕಳು 100ಕ್ಕೆ ಮೀರಿದರೆ ಮಾತ್ರ ಅರೆಕಾಲದ ಬೋಧಕನೊಬ್ಬನು; ಒಂದರಿಂದ ಐದರವರೆಗಿನ ಎಳೆಯರಿಗೆ ವ್ಯಾಯಾಮ ಶಿಕ್ಷಕನ ಮಾತೇ ಇಲ್ಲ! ಹೀಗಿರಲು ಹಳ್ಳಿಯ ಸಣ್ಣ ಶಾಲೆಯಲ್ಲಿ ಈ ಹೊರೆ ತರಗತಿಯ ಶಿಕ್ಷಕರ ಹೆಗಲಿಗೇ ಬೀಳುತ್ತದೆ. ಅವರಿಗೆ ಕೊಡುವ ಅಲ್ಪಾವಧಿಯ ತರಬೇತಿಗಳನ್ನಾದರೂ ಸರಿಯಾಗಿ ತೂಗಿ ನೋಡಬೇಡವೇ?

ಹಾಜರಿ ಪಟ್ಟಿ, ಲಿಖಿತ ಪರೀಕ್ಷೆ, ಕೊನೆಯ ದಿನದ ಕವಾಯತಿನ ಪ್ರದರ್ಶನ ಇವು ತರಬೇತಿ ನಡೆಯಿತೆಂಬುದಕ್ಕೆ ಸಾಕ್ಷಿಯೇ ಹೊರತು ಫಲಿಸಿತೆಂಬುದಕ್ಕೆ ಸಾಕ್ಷಿಯಲ್ಲ. ನಿಜವಾದ ಸಾಕ್ಷಿ ದೊರೆಯುವುದು ಶಾಲೆಯ ಅಂಗಳದಲ್ಲಿ. ತರಬೇತಿ ಮುಗಿದ ಒಂದು ವರ್ಷದ ಮೇಲೆ ಅಲ್ಲಿ ನಾಲ್ಕು ಪ್ರಶ್ನೆಗಳನ್ನು ಕೇಳಬೇಕೆಂದು ನಮ್ಮ ಸೂಚನೆ. ವ್ಯಾಯಾಮದ ಅವಧಿಯಲ್ಲಿ ಮಕ್ಕಳು ಎಷ್ಟು ಹೊತ್ತು ಓಡಾಡಿದರು, ಎಷ್ಟು ಹೊತ್ತು ಸಾಲಿನಲ್ಲಿ ಸುಮ್ಮನೆ ನಿಂತರು? ಹೆಣ್ಣುಮಕ್ಕಳೂ ದುರ್ಬಲರೂ ಅಂಗವಿಕಲರೂ ಆಟದೊಳಗಿದ್ದರೋ ಗೋಡೆಯ ಬದಿಗಿದ್ದರೋ? ಸಾಮಾನಿಲ್ಲದೆಡೆ ಶಿಕ್ಷಕನು ಲಗೋರಿ, ಕುಂಟಾಟ, ಖೋಖೋಗಳಿಂದ ಪಾಠ ಕಟ್ಟಬಲ್ಲನೋ? ಅವನ ಆಜ್ಞೆಗಳು ಮಗುವಿಗೆ ತಿಳಿಯುವ ಕನ್ನಡದಲ್ಲಿವೆಯೋ? 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಹುರುಪಿನ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಾರಿದೆ. ಆ ಗುರಿಗೆ ಶಾಲೆ ಸಲ್ಲಿಸುವ ಪಾಲೆಷ್ಟೆಂಬುದು ಈ ಉತ್ತರಗಳಿಂದಲೇ ತಿಳಿಯಬೇಕು.

ಶಾಲೆ ಶಾಲೆಗೆ ಹೋಗಿ ನೋಡಲು ಹಣವೆಲ್ಲಿದೆಯೆಂದು ಆಕ್ಷೇಪಿಸುವವರುಂಟು. ಎಲ್ಲ ಶಾಲೆಗಳನ್ನೂ ನೋಡಬೇಕಿಲ್ಲ. ಪ್ರತಿ ತಾಲೂಕಿನಿಂದ ಕೆಲವನ್ನು ಆಯ್ದು, ಅಲ್ಲಿ ಕಂಡುದನ್ನು ಮುಂದಿನ ತರಬೇತಿಯ ಪಾಠಪಟ್ಟಿಗೆ ತಿದ್ದುಪಡಿಯಾಗಿ ಸೇರಿಸಿದರೆ ಸಾಕು. ಫಲವನ್ನು ನೋಡದೆ ವರ್ಷವರ್ಷವೂ ಅದೇ ತರಬೇತಿಯನ್ನು ನಡೆಸುವುದೇ ದುಂದುವೆಚ್ಚ. ಬೀದರದಿಂದ ಚಾಮರಾಜನಗರದವರೆಗೆ ನಾಡಿನ ಗಡಿಯನ್ನು ಒಂದುಗೂಡಿಸಿದವರು ತಮ್ಮ ಕೆಲಸ ಮುಗಿಸಿದರು. ಆ ಗಡಿಯೊಳಗಿನ ಪ್ರತಿಯೊಂದು ಮಗುವಿಗೂ ಆಡುವ ಅವಕಾಶವನ್ನು ಸಮನಾಗಿ ಒದಗಿಸುವ ಹೊಣೆ ನಮ್ಮದು. ಶಿಕ್ಷಣ ಖಾತೆಯವರು ಅದನ್ನು ಈ ಶಾಲಾ ವರ್ಷದಲ್ಲಿಯೇ ಕೈಗೆತ್ತಿಕೊಳ್ಳಲಿ.